ಟೇಪಕ್ಕನ ಅಳತೆ ಪುಸ್ತಕ

ಟೇಪಕ್ಕನಿಗೆ ಆ ಹೆಸರು ಬಿದ್ದದ್ದು ಕೊರಳಲ್ಲಿ ಸದಾ ನೇತಾಡುವ ಅಳತೆ ಟೇಪಿನಿಂದ. ಮೂವತ್ತು ವರ್ಷ ಆ ಬೀದಿಯ ಹೆಂಗಸರಿಗೆಲ್ಲ ಅಂಗಿ ಹೊಲಿದವಳು. ಯಾರ ಸೊಂಟ ಯಾವ ವರ್ಷ ಎಷ್ಟು ಹಿಗ್ಗಿತು ಎಂಬುದು ಅವರ ಗಂಡಂದಿರಿಗಿಂತ ಇವಳಿಗೇ ಚೆನ್ನಾಗಿ ಗೊತ್ತು. ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಆದರೆ ಈ ವರ್ಷದ ಸಿಟ್ಟಿಗೆ ಒಬ್ಬನೇ ಗುರಿ: ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರಪ್ಪ.

ಎದೆಯಲ್ಲಿ ಗಂಟು ಎಂದು ತಂಗಿ ಅವನ ಬಳಿ ಹೋದಾಗ ಅವಳಿಗೆ ಐವತ್ತನಾಲ್ಕು. ಆ ಮಹಾಶಯ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಗೋಡೆಯ ಮೇಲಿನ ತೂಕದ ಪಟ್ಟಿ ನೋಡಿ, ಕುರ್ಚಿಯಿಂದ ಏಳದೆಯೇ ತೀರ್ಪು ಕೊಟ್ಟಿದ್ದ.

"ತೂಕ ಸರಿಯಾಗೇ ಇದೆಯಲ್ಲಮ್ಮ. ಕ್ಯಾನ್ಸರೆಲ್ಲ ದಪ್ಪಗಿರೋರಿಗೆ ಬರೋದು. ನಮ್ಮ ದೇಶದ ಜನಕ್ಕೆ ಅಪರೂಪ."

ತಂಗಿ ನಂಬಿದಳು. ವರ್ಷ ಕಳೆದು ದೊಡ್ಡಾಸ್ಪತ್ರೆಗೆ ಹೋದಳು. ಆಮೇಲೆ ಬದುಕಿದ್ದು ಮೂರೇ ತಿಂಗಳು. ಅಲ್ಲಿನ ಡಾಕ್ಟರಮ್ಮ ಟೇಪಕ್ಕನಿಗೆ ಬಿಡಿಸಿ ಹೇಳಿದ್ದರು.

"ಆ ಪಟ್ಟಿ ಹೊರದೇಶದ, ಬೇರೆ ಮೈಕಟ್ಟಿನ ಜನರನ್ನ ನೋಡಿ ಮಾಡಿದ್ದು. ನಮ್ಮೋರಲ್ಲಿ ತೂಕ ಕಮ್ಮಿ ಇದ್ರೂ ಹೊಟ್ಟೆ ಸುತ್ತ ಕೊಬ್ಬು ಸೇರ್ಕೊಳುತ್ತೆ. ಮುಟ್ಟು ನಿಂತ ಮೇಲೆ ಅದೂ ಅಪಾಯ ಹೆಚ್ಚಿಸುತ್ತೆ. ಇವರಿಗೆ ಅದರಿಂದಲೇ ಬಂತು ಅಂತ ಹೇಳಕ್ಕಾಗಲ್ಲ. ಆದ್ರೆ ಗಂಟು ಅಂದ್ಮೇಲೆ, ಯಾರೇ ಆಗ್ಲಿ, ಪರೀಕ್ಷೆ ಮಾಡ್ಲೇಬೇಕಿತ್ತು."

ಟೇಪಕ್ಕ ಹಲ್ಲು ಕಚ್ಚಿಕೊಂಡು ಕಾದಳು. ತಪ್ಪು ಅವನ ಬಾಯಿಂದಲೇ ಬರಬೇಕು, ಅದೂ ನಾಲ್ಕು ಜನರೆದುರು. ಒಂದು ಸೋಮವಾರ, ಕ್ಲಿನಿಕ್ಕಿನ ಬೆಂಚುಗಳೆಲ್ಲ ತುಂಬಿರುವಾಗ, ಅಳತೆ ಪುಸ್ತಕ ಹಿಡಿದು ಒಳಗೆ ನುಗ್ಗಿದಳು. ಬಾಗಿಲನ್ನು ಬೇಕೆಂದೇ ತೆರೆದಿಟ್ಟಳು.

"ನನ್ನ ತಂಗಿ ಸೊಂಟ ನೋಡಿ ಡಾಕ್ಟ್ರೇ. ಇಪ್ಪತ್ತೆಂಟು, ಮೂವತ್ತೊಂದು, ಮೂವತ್ತೈದು. ನಿಮ್ಮ ಪಟ್ಟಿಗೆ ಕಾಣದ್ದು ನನ್ನ ಟೇಪಿಗೆ ಕಂಡಿತ್ತು. ತಪ್ಪಾಯ್ತು ಅನ್ನಿ. ಹೊರಗಿರೋರಿಗೂ ಕೇಳಿಸ್ಲಿ."

ಅವನ ಮುಖ ಇಳಿದುಹೋಯಿತು. ಅದನ್ನು ನೋಡಿ ಟೇಪಕ್ಕನ ಹೊಟ್ಟೆ ತಣ್ಣಗಾಯಿತು. ಅವನು ಪುಟದ ಮೇಲೆ ಬೆರಳಾಡಿಸುತ್ತ ಹೋಗಿ ಒಂದು ಸಾಲಿನ ಮೇಲೆ ಬೆರಳು ನಿಲ್ಲಿಸಿದ.

"ಎಡ ಎದೆ ಬಿಗಿ, ಅರ್ಧ ಇಂಚು ಸಡಿಲ ಅಂತಿದೆ. ನಾಲ್ಕು ತಿಂಗಳಾದ ಮೇಲೆ ಮತ್ತೆ ಅರ್ಧ ಇಂಚು. ಎರಡೂ ಅವರು ನನ್ನ ಹತ್ರ ಬರೋಕೆ ಮುಂಚಿನ ತಾರೀಖು. ಇದನ್ನ ಬರೆದೋರು ಯಾರು?"

ಟೇಪಕ್ಕ ಬಗ್ಗಿ ತನ್ನದೇ ಬರಹ ನೋಡಿದಳು. ಒಂದೇ ಕಡೆ ಬಿಗಿ ಎಂದು ತಂಗಿ ಅಂಗಿ ತಂದಾಗ, ಮೈ ಬಂದಿದೆ ಕಣೇ ಎಂದು ಗೇಲಿ ಮಾಡಿ, ಹೊಲಿಗೆ ಬಿಚ್ಚಿ ಸಡಿಲಿಸಿ ಕೊಟ್ಟವಳು ಇವಳೇ. ಅಂಗಿ ಮೈಗೆ ಸರಿಹೋಯಿತು, ಕೆಲಸ ಮುಗಿಯಿತು ಎಂದುಕೊಂಡಿದ್ದಳು.

"ನಾನೇ," ಎಂದಳು. "ನಾನು ಬಟ್ಟೆ ಹೊಲಿಯೋಳು, ಹೊಲಿಗೆ ಬಿಚ್ಚಿದೆ. ನೀವು ಡಾಕ್ಟ್ರು. ಕುರ್ಚಿ ಬಿಟ್ಟು ಏಳ್ಲೇ ಇಲ್ಲ."

ಅವನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, "ತಪ್ಪಾಯ್ತಮ್ಮ," ಎಂದ.

ಟೇಪಕ್ಕ ಇಷ್ಟು ದಿನ ಕಾದದ್ದು ಆ ಒಂದು ಮಾತಿಗೆ. ಪುಸ್ತಕ ಕಿತ್ತುಕೊಂಡು ಬೀದಿಗೆ ಬಂದಳು. ಅದೇ ಮಾತನ್ನು ತಾನೂ ಹೇಳೋಣವೆಂದರೆ, ಕೇಳಲು ತಂಗಿ ಇರಲಿಲ್ಲ.