ಆಮೆಮರಿಗೆ ಸುಣ್ಣ ಹಾಕಿದ ದಿನ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಮ್ಮ ನಡುಮನೆ ನಮ್ಮದಾಗಿರಲಿಲ್ಲ, ರೇಷ್ಮೆ ಹುಳುಗಳದಾಗಿತ್ತು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ನಡುಮನೆಯಲ್ಲಿ ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ತಟ್ಟೆಗಳ ತುಂಬ ಹುಳು. ಅಮ್ಮ ಆ ತಿಂಗಳು ತವರಿಗೆ ಹೋಗಿದ್ದಳು. ಅಪ್ಪ, ಅಕ್ಕ, ನಾನು ಅಡಿಗೆಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೆವು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ನಮ್ಮ ದಿಂಬಿಗೂ ಹತ್ತಿಕೊಂಡಿತ್ತು.

ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಅಪ್ಪ ತೋಟದಲ್ಲಿ ಗುದ್ದಲಿ ಹಾಕುತ್ತಿದ್ದರು. ನಾನು ಹಿಂದೆ ಹಿಂದೆ ಕಳೆ ಆರಿಸುತ್ತಿದ್ದೆ. ಮಣ್ಣಿನ ಹೆಂಟೆಗಳ ನಡುವೆ ಒಂದು ಹೆಂಟೆ ನಡೆಯುತ್ತಿತ್ತು! ಎತ್ತಿ ನೋಡಿದರೆ ಆಮೆಮರಿ. ಅರ್ಧ ನಿಂಬೆಹಣ್ಣಿನಷ್ಟು ಗಾತ್ರ. ಕಪ್ಪು ಬೆನ್ನಿನ ಮೇಲೆ ಹಳದಿ ಗೆರೆಗಳು, ಯಾರೋ ಅರಿಶಿನದಲ್ಲಿ ರಂಗೋಲಿ ಎಳೆದ ಹಾಗೆ. ಅಂಗೈ ಮೇಲೆ ಬಿಟ್ಟರೆ ಪುಟ್ಟ ಉಗುರುಗಳು ಕಚಗುಳಿ ಇಟ್ಟವು. ಮೊಟ್ಟೆಯಿಂದ ಹೊರಗೆ ಬಂದು ಎಷ್ಟು ದಿನವಾಗಿತ್ತೋ, ಬೆನ್ನು ಇನ್ನೂ ಮೆತ್ತಗಿತ್ತು.

ಅಪ್ಪನಿಗೆ ತೋರಿಸಲಿಲ್ಲ. ಹುಳು ಸಾಕುವ ಮನೆಗೆ ಹೊರಗಿನ ಜೀವ ಬರಕೂಡದು ಅನ್ನುವುದು ಅವರ ಕಟ್ಟಪ್ಪಣೆ. ಹಿಂದೆ ಒಂದು ಬೆಕ್ಕಿನ ಮರಿ ತಂದಿದ್ದಾಗ ಸಂಜೆಯೊಳಗೆ ವಾಪಸ್ ಕೊಟ್ಟು ಬರುವಂತೆ ಮಾಡಿದ್ದರು. ಮರಿಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಅಕ್ಕನ ಕಣ್ಣಿಗೆ ಬಿತ್ತು.

"ಅಪ್ಪಂಗೆ ಗೊತ್ತಾದ್ರೆ ನಿನ್ನನ್ನೇ ತಟ್ಟೇಲಿ ಮಲಗ್ಸಿ ಸೊಪ್ಪು ಹಾಕ್ತಾರೆ ಕಣೋ," ಅಂದಳು. ಅಂದವಳೇ ಒಡೆದ ಮಡಕೆಯ ತಳ ಹುಡುಕಿ ಕೊಟ್ಟಳು.

ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಅದರ ಮನೆಯಾಯಿತು. ಅಪ್ಪ ಮರಿಹುಳುಗಳಿಗೆ ಎಳೆ ಸೊಪ್ಪು ಹೆಚ್ಚುವ ಹಾಗೆಯೇ ನಾನೂ ಸಣ್ಣಗೆ ಹೆಚ್ಚಿ ಹಾಕಿದೆ. ತೆಂಗಿನ ಚಿಪ್ಪಿನಲ್ಲಿ ನೀರಿಟ್ಟೆ. ಎರಡು ದಿನ ಅದು ಕತ್ತು ಚಾಚಿ ಚೆನ್ನಾಗಿ ತಿಂದಿತು. ಬಾಯಿ ತೆರೆದಾಗ ಒಳಗೆ ಕಾಣುವ ಗುಲಾಬಿ ನಾಲಿಗೆ ನೋಡಲು ನಾನು ನೆಲಕ್ಕೆ ಕೆನ್ನೆ ಊರಿ ಮಲಗುತ್ತಿದ್ದೆ.

ಮೂರನೆಯ ದಿನ ಬೆಳಗಿನಿಂದ ಜಡಿಮಳೆ, ಕೊರೆಯುವ ಗಾಳಿ. ಮರಿ ಸೊಪ್ಪು ಮುಟ್ಟಲಿಲ್ಲ. ತಲೆಯನ್ನು ಅರ್ಧ ಹೊರಗಿಟ್ಟು, ಕಣ್ಣು ಮುಚ್ಚಿ, ಕದಲದೆ ಕೂತಿತ್ತು.

ಅದೇ ದಿನ ನಡುಮನೆಯಲ್ಲಿ ನಮ್ಮ ಹುಳುಗಳೂ ಹಾಗೇ ಕೂತಿದ್ದವು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಹಳೆಯ ಚರ್ಮ ಕಳಚುತ್ತದೆ. ಕಳಚುವ ಮೊದಲು ತಿನ್ನುವುದು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲುಗದೆ ಇರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ತೇವ ಇರಬಾರದು. ಅಪ್ಪ ತೆಳು ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿಕೊಂಡು ತಟ್ಟೆ ತಟ್ಟೆಯ ಮೇಲೂ ಉದುರಿಸುತ್ತಿದ್ದರು.

"ಈಗ ಇವುನ್ನ ಅವುಗಳ ಪಾಡಿಗೆ ಬಿಡಬೇಕಪ್ಪ. ನಾಳೆ ಹೊಸ ಮೈ ಬಂದು ತಾವೇ ಏಳ್ತವೆ," ಅಂದರು.

ನನಗೆ ಎಲ್ಲ ತಿಳಿದುಹೋಯಿತು ಅನ್ನಿಸಿತು. ನನ್ನ ಮರಿಗೂ ಜ್ವರ! ಅದೂ ಬೆಳೆಯುತ್ತಿದೆ, ಅದಕ್ಕೂ ಹೊಸ ಮೈ ಬರುತ್ತದೆ. ಅಪ್ಪ ಹೊರಗೆ ಹೋದ ಮೇಲೆ ಹರಕು ಬಟ್ಟೆಯಲ್ಲಿ ಒಂದು ಹಿಡಿ ಸುಣ್ಣ ಕಟ್ಟಿಕೊಂಡು ಕೊಟ್ಟಿಗೆಗೆ ಓಡಿದೆ. ನೀರಿನ ಚಿಪ್ಪು ತೆಗೆದೆ. ಸೊಪ್ಪು ತೆಗೆದೆ. ಆಮೇಲೆ ಅದರ ಮೇಲೆ ಬಟ್ಟೆ ತಟ್ಟಿದೆ. ಸ್ವಲ್ಪ ಸಾಲದು ಅನ್ನಿಸಿ ಇನ್ನೂ ತಟ್ಟಿದೆ. ಹಳದಿ ರಂಗೋಲಿ ಪೂರ್ತಿ ಮುಚ್ಚಿಹೋಗುವವರೆಗೂ ತಟ್ಟಿದೆ. ಮರಿ ಒಮ್ಮೆ ತಲೆ ಒಳಕ್ಕೆಳೆದುಕೊಂಡು ಉಸ್ಸೆಂದಿತು. ನನ್ನ ಅರವತ್ತು ವರ್ಷದ ನೆನಪಿನಲ್ಲಿ ಆ ಉಸ್ಸೆನ್ನುವ ಸದ್ದು ಒಂದು ದಿನವೂ ಸಣ್ಣದಾಗಿಲ್ಲ. ಆದರೆ ಆ ಹೊತ್ತಿಗೆ ನನಗೆ ಸಂತೋಷವೇ ಆಗಿತ್ತು.

ಮಾರನೆಯ ಬೆಳಿಗ್ಗೆ ಬಿಸಿಲು ಬಂತು. ಹುಳುಗಳು ಜ್ವರದಿಂದ ಎದ್ದವು. ಅಪ್ಪ ಸೊಪ್ಪು ಹಾಕಿದ ಕೂಡಲೇ ಮನೆಯೆಲ್ಲ ಸರಸರ ಮೇಯುವ ಸದ್ದು. ನಾನು ಒಂದು ಎಳೆ ಎಲೆ ಹಿಡಿದು ಕೊಟ್ಟಿಗೆಗೆ ಹಾರಿದೆ.

ಮರಿ ಎದ್ದಿರಲಿಲ್ಲ. ಕಣ್ಣಿನ ಸುತ್ತ, ಮೂಗಿನ ತೂತುಗಳಲ್ಲಿ ಸುಣ್ಣ ಹೆಪ್ಪುಗಟ್ಟಿತ್ತು. ಅಕ್ಕ ಬಂದು ಒದ್ದೆ ಸೆರಗಿನಿಂದ ಒರೆಸಿದಳು. ಬಾಯಿಯಿಂದ ಒಂದು ಬಿಳಿ ಗುಳ್ಳೆ ಬಂದು ಒಡೆಯಿತು. "ಅಪ್ಪಾ!" ಎಂದು ಕೂಗಿದ್ದು ನಾನಲ್ಲ, ಅವಳು.

ಅಪ್ಪ ಬಂದರು. ಮರಿಯನ್ನು, ನನ್ನನ್ನು, ನನ್ನ ಬೆರಳಿನ ಸುಣ್ಣವನ್ನು ನೋಡಿದರು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋದರು. ಚೊಂಬಿನಿಂದ ತೊಟ್ಟು ತೊಟ್ಟಾಗಿ ನೀರು ಬಿಟ್ಟು ಕಣ್ಣು, ಮೂಗು ತೊಳೆದರು. ಆಮೇಲೆ ಬಿಸಿಲಿಗೆ ಅಂಗೈ ಚಾಚಿ ಕಲ್ಲಿನ ಮೇಲೆ ಕೂತರು.

"ಅಪ್ಪ, ಎರಡನೇ ಸಲ ಸೊಪ್ಪು ಹಾಕೋ ಹೊತ್ತಾಯ್ತು," ಅಂದಳು ಅಕ್ಕ. ಎದ್ದ ಹುಳು ಹಸಿದಿರುತ್ತದೆ, ಕಾಯಿಸಿದರೆ ಮುಂದೆ ಅದು ಕಟ್ಟುವ ರೇಷ್ಮೆಗೂಡು ಸಣ್ಣದಾಗುತ್ತದೆ.

"ಇರ್ಲಿ ಬಿಡಮ್ಮ," ಅಂದರು ಅಪ್ಪ. ಹುಳುಗಳನ್ನು ಅವರು ಕಾಯಿಸಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಮುಂಗಾಲು ಒಮ್ಮೆ ಅಲುಗಿತು. ಉಗುರು ಅಪ್ಪನ ಅಂಗೈ ಗೀರಿತು. ಆಮೇಲೆ ಕತ್ತು ಮೆಲ್ಲಗೆ ಅವರ ಬೆರಳಿನ ಮೇಲೆ ಒರಗಿಕೊಂಡಿತು.

"ಇದಕ್ಕೆ ಚಳಿ ಆಗಿತ್ತಪ್ಪ, ಅಷ್ಟೆ," ಅಂದರು ಅಪ್ಪ. "ಬೆಚ್ಚಗೆ ಇಟ್ಟಿದ್ರೆ ಸಾಕಿತ್ತು. ನನ್ನನ್ನ ಒಂದು ಮಾತು ಕೇಳಬಾರದಿತ್ತೇನೋ?"

ತೋಟದಲ್ಲಿ ಅದು ಸಿಕ್ಕಿದ ಸಾಲಿನಲ್ಲೇ ಹೂತೆವು. ನಾನು ಮುಂದೆ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದೆ. ಆಮೆ ಹುಳುವಿನ ಹಾಗೆ ಮೈ ಕಳಚುವುದಿಲ್ಲ, ಚಳಿಗೆ ಮಂಕಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಆ ಬಟ್ಟೆ ಕೈಯಲ್ಲಿರುತ್ತದೆ. ಪ್ರತಿ ಸಲವೂ ಕೈ ತಡೆಯಲು ಹೋಗುತ್ತೇನೆ. ಪ್ರತಿ ಸಲವೂ ಸುಣ್ಣ ಉದುರಿರುತ್ತದೆ.

ಮಕ್ಕಳೇ, ನಿಮ್ಮ ಕಾಲ ಬೇರೆ. ನಮ್ಮ ನಡುಮನೆಯಲ್ಲಿ ಈಗ ಸೋಫಾ ಇದೆ, ಹುಳುಗಳಿಗೆ ತೋಟದಲ್ಲಿ ಬೇರೆ ಮನೆ ಇದೆ. ಕಾಡಿನ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಯಾವ ಜೀವ ಏನು ತಿನ್ನುತ್ತದೆ ಎಂದು ಫೋನಿನಲ್ಲಿ ಒಂದು ಗಳಿಗೆಯಲ್ಲಿ ನೋಡುತ್ತೀರಿ. ನನಗೆ ಅವೊಂದೂ ಇರಲಿಲ್ಲ. ಆದರೆ ಅಪ್ಪ ಇದ್ದರು, ಒಂದು ಗೋಡೆಯ ಆಚೆಗೆ. ಕೇಳಿದ್ದರೆ ಬೈಯುತ್ತಿದ್ದರು, ಬೈದು ಹೇಳಿಕೊಡುತ್ತಿದ್ದರು.

ನಿನ್ನೆಯಿಂದ ನಿಮ್ಮ ಮಂಚದ ಕೆಳಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯೊಂದು ಇದೆ. ಒಳಗೆ ಏನೋ ಕೆರೆಯುವ ಸದ್ದು ನನಗೂ ಕೇಳಿಸಿದೆ. ನಾನಾಗಿ ಬಂದು ತೆರೆಯುವುದಿಲ್ಲ. ಜಗಲಿಯ ಮೇಲೆ ಕೂತಿರುತ್ತೇನೆ. ಅದನ್ನು ಎತ್ತಿಕೊಂಡು ಬನ್ನಿ. ನಾನು ಬೈಯುವುದೂ ಇಲ್ಲ.