ನಿರ್ಮಲಾ ಯಾವ ಟೀಮು?

ನಮ್ಮ ನಿರ್ಮಲಾಳನ್ನು ಟಿ. ನಗರದವರು ಹಾರಿಸಿಕೊಂಡು ಹೋದರು.

ಗಾಬರಿಯಾಗಬೇಡಿ. ಅವಳೇ ಒಪ್ಪಿ ಹೋದಳು. ಸಂಬಳಕ್ಕೆ.

ಚೆನ್ನೈನಲ್ಲಿರುವ ನಾವು ಕನ್ನಡದ ಹೆಂಗಸರು ವರ್ಷಕ್ಕೊಮ್ಮೆ ತ್ರೋಬಾಲ್ ಟೂರ್ನಮೆಂಟ್ ಆಡುತ್ತೇವೆ. ತಾಂಬರಂ, ಟಿ. ನಗರ, ಅಂಬತ್ತೂರು ಅಂತ ಮೂರೇ ತಂಡ. ಗಂಡಂದಿರು ಸ್ಕೋರ್ ಬರೆಯುತ್ತಾರೆ (ತಪ್ಪು ಬರೆದು ಬೈಸಿಕೊಳ್ಳುತ್ತಾರೆ). ನಾನು ತಾಂಬರಂ ತಂಡದ ಕ್ಯಾಪ್ಟನ್. ಚೆನ್ನಾಗಿ ಆಡುತ್ತೇನೆ ಅಂತಲ್ಲ, ಎಲ್ಲರಿಗೂ ಫೋನ್ ಮಾಡುವ ತಾಳ್ಮೆ ನನಗಿದೆ ಅಂತ.

ನಿರ್ಮಲಾ ನಮ್ಮ ಪಕ್ಕದ ಬೀದಿಯವಳು. ಮೈಸೂರಿನಲ್ಲಿ ಓದುವಾಗ ಯೂನಿವರ್ಸಿಟಿ ತಂಡಕ್ಕೆ ಆಡಿದವಳು. ಅವಳು ಸರ್ವಿಸ್ ಮಾಡಿದರೆ ಎದುರಿನವರು ಚೆಂಡು ಹಿಡಿಯುವುದನ್ನು ಬಿಟ್ಟು ತಲೆ ತಗ್ಗಿಸುತ್ತಿದ್ದರು. ನಾವು ಗೆಲ್ಲುತ್ತಿದ್ದುದು ಅವಳಿಂದಲೇ.

ಹೋದ ವರ್ಷ ಟಿ. ನಗರದ ತಂಡಕ್ಕೆ ಒಬ್ಬ ಜವಳಿ ಅಂಗಡಿಯವರು ಸ್ಪಾನ್ಸರ್ ಆದರು. ಕೋಚ್ ಬಂದರು, ಟ್ರ್ಯಾಕ್‌ಸೂಟ್ ಬಂತು. ಆಮೇಲೆ ಒಂದು ಸಂಜೆ ನಿರ್ಮಲಾ ನಮ್ಮನೆಗೆ ಬಂದು, ಕೊಟ್ಟ ಕಾಫಿ ಮುಟ್ಟದೆ ಕೂತಳು.

"ಅಕ್ಕಾ, ಟಿ. ನಗರದೋರು ಕರೀತಿದಾರೆ. ತಿಂಗಳು ತಿಂಗಳು ದುಡ್ಡು ಕೊಡ್ತಾರಂತೆ."

"ಆಟಕ್ಕೆ ದುಡ್ಡಾ?" ಅಂದೆ. ಸ್ವಲ್ಪ ಜೋರಾಗಿಯೇ.

"ಚಿಕ್ಕೋಳಿದ್ದಾಗಿಂದ ಆಡ್ತಿದೀನಿ ಅಕ್ಕಾ. ಇವತ್ತಿನವರೆಗೂ ಯಾರೂ ಒಂದು ಜೊತೆ ಶೂ ಕೂಡ ಕೊಡಿಸಿಲ್ಲ. ನಂಗೂ ಒಂದು ಬೆಲೆ ಇದೆ ಅಂತ ಇವರೇ ಮೊದಲು ಹೇಳಿದ್ದು."

ನಮ್ಮ ಮನೆಯ ಗಂಡಸರು ಹೆಚ್ಚು ಸಂಬಳಕ್ಕೆ ಕಂಪನಿ ಬದಲಾಯಿಸಿದರೆ ಪಾಯಸ ಮಾಡುತ್ತೇವೆ. ಇವಳು ಹೋದರೆ ಮಾತ್ರ ದ್ರೋಹವೇ? "ಹೋಗು" ಅಂದೆ. ಅವಳು ಹೋದ ಮೇಲೆ ಸಿಂಕಿನಲ್ಲಿ ಪಾತ್ರೆಗಳ ಸದ್ದು ಮಾಮೂಲಿಗಿಂತ ಹೆಚ್ಚಾಗಿತ್ತಂತೆ. ನನ್ನ ಯಜಮಾನರ ಹೇಳಿಕೆ.

ಟಿ. ನಗರದವರು ಅಂಬತ್ತೂರಿನ ಒಬ್ಬಳನ್ನೂ ಸೇರಿಸಿಕೊಂಡರು. ಆ ವರ್ಷ ನಾವು ಸೋತೆವು, ಅಂಬತ್ತೂರಿನವರು ಇನ್ನೂ ಹೀನಾಯವಾಗಿ ಸೋತರು. ಆಟ ಎಷ್ಟು ಸಪ್ಪೆಯಾಗಿತ್ತೆಂದರೆ, ಕಪ್ ಕೊಡುವ ಹೊತ್ತಿಗೆ ಜನರೆಲ್ಲ ಊಟದ ಸಾಲಿನಲ್ಲಿದ್ದರು. ನಿರ್ಮಲಾ ಕಪ್ ಹಿಡಿದುಕೊಂಡು ಯಾರಿಗೆ ತೋರಿಸಲಿ ಅಂತ ಸುತ್ತ ನೋಡುತ್ತಿದ್ದಳು.

ಈ ವರ್ಷ ಅಂಬತ್ತೂರಿನವರು ಆಡುವುದಿಲ್ಲ ಅಂದರು. ನಾವೂ ಅಂದೆವು. ಟಿ. ನಗರದ ಕ್ಯಾಪ್ಟನ್ ಪದ್ಮಿನಿ ಮಾಮಿ ಕಾರು ಮಾಡಿಕೊಂಡು ನಮ್ಮ ಮನೆಗೇ ಬಂದರು. ಅವರದು ತಲೆಮಾರುಗಳಿಂದ ಮದ್ರಾಸಿನಲ್ಲೇ ನೆಲೆಸಿದ ಮನೆತನ. ಕನ್ನಡ ಶುರುವಾದರೆ ತಮಿಳಿನಲ್ಲಿ ಮುಗಿಯುತ್ತದೆ.

"ಇದೆನ್ನ ನ್ಯಾಯಮ್ಮಾ? ನೀವು ಯಾರೂ ಬರಲಿಲ್ಲಾಂದ್ರೆ ನಾವು ಯಾರ್ ಜತೆ ಆಡೋದು? ಗೋಡೆ ಜತೆಯಾ?"

ಆಗ ಪೇಪರಿನ ಹಿಂದಿನಿಂದ ಯಜಮಾನರು ತಲೆ ಎತ್ತಿದರು. ಅಮೆರಿಕದ ಬೇಸ್‌ಬಾಲ್‌ನಲ್ಲೂ ಇದೇ ಗೋಳಂತೆ. ದುಡ್ಡಿನ ತಂಡ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುತ್ತದಂತೆ. ಅದಕ್ಕೇ ಅಲ್ಲಿ ಹೊಸ ಹುಡುಗರನ್ನು ಆರಿಸುವಾಗ ಸೋತ ತಂಡಕ್ಕೆ ಮೊದಲ ಸರದಿಯಂತೆ.

ನಾನು ತಕ್ಷಣ ಆ ಮಾತು ಹಿಡಿದುಕೊಂಡೆ. "ಮಾಮಿ, ಸಂಬಳದ ಆಟಗಾರ್ತಿಯರಿಗೆ ಅಂಗಡಿಯವರೇ ದುಡ್ಡು ಕೊಡಲಿ. ಆದರೆ ಅವರು ಯಾವ ತಂಡಕ್ಕೆ ಅನ್ನೋದನ್ನ ವರ್ಷಾವರ್ಷ ಹೊಸದಾಗಿ ಆರಿಸೋಣ. ಸೋತೋರು ಮೊದಲು."

"ನಮ್ಮ ಸ್ಪಾನ್ಸರ್ ದುಡ್ಡು, ನಿಮ್ಮ ಟೀಮಾ? ಚೆನ್ನಾಗಿದೆ, ನಲ್ಲಾ ಇರುಕ್ಕೇ!" ಅಂದರು ಮಾಮಿ. ಆದರೂ ಹೋಗಿ ಅಂಗಡಿಯವರನ್ನು ಕೇಳಿದರು. ಅವರು ಒಂದೇ ಮಾತಿಗೆ ಒಪ್ಪಿದರಂತೆ. ಜನ ಎದ್ದು ಹೋದ ಮೈದಾನದಲ್ಲಿ ಅವರ ಬ್ಯಾನರ್ ಓದುವವರು ಯಾರು? ನಿರ್ಮಲಾಳೂ ಒಪ್ಪಿದಳು. "ದುಡ್ಡು ಬರುತ್ತೆ, ಎದುರಿಗೆ ಆಡೋರೂ ಇರ್ತಾರೆ. ಇನ್ನೇನು ಬೇಕು?"

ಆರಿಸುವ ದಿನ ನಾನು ಹೊಸ ಚೂಡಿದಾರ ಹಾಕಿಕೊಂಡು ಟ್ರೇನ್ ಹತ್ತಿದೆ. ನಿರ್ಮಲಾ ವಾಪಸು ಬರುತ್ತಾಳಲ್ಲ!

ಮೊದಲ ಸರದಿ, ಎಲ್ಲರಿಗಿಂತ ಹೀನಾಯವಾಗಿ ಸೋತ ಅಂಬತ್ತೂರಿನವರದು. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ನಿರ್ಮಲಾ."

ನನ್ನ ಮುಖ ನೋಡಿ ಪದ್ಮಿನಿ ಮಾಮಿಗೆ ನಗು ತಡೆಯಲಾಗಲಿಲ್ಲ. ನಾನೇ ಮಾಡಿದ ನಿಯಮ. ಜಗಳವಾಡುವುದು ಯಾರ ಜೊತೆ?

ಕಳೆದ ಭಾನುವಾರ ಅಂಬತ್ತೂರಿನವರು ನಮ್ಮನ್ನು ಸೋಲಿಸಿದರು. ಅದೂ ಎರಡೇ ಪಾಯಿಂಟಿನಲ್ಲಿ. ಕೊನೆಯ ಸರ್ವಿಸ್ ನಿರ್ಮಲಾಳದು. ಚೆಂಡು ನನ್ನ ಕೈಗೇ ಬಂತು, ಜಾರಿತು. ಯಾರೂ ಊಟಕ್ಕೆ ಎದ್ದಿರಲಿಲ್ಲ. ಮೈದಾನವೆಲ್ಲ ಚಪ್ಪಾಳೆ. ನಿರ್ಮಲಾ ನೆಟ್ ಕೆಳಗಿನಿಂದ ನುಸುಳಿ ಬಂದು ನನ್ನ ಕೈ ಹಿಡಿದು, "ಪೆಟ್ಟಾಯ್ತಾ ಅಕ್ಕಾ?" ಅಂದಳು. ಅವಳು ಇಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿಯೇ ಇರಲಿಲ್ಲ. ನನಗೂ ಸಂತೋಷವಾಯಿತು, ಬೆರಳು ಊದಿಕೊಂಡಿದ್ದರೂ.

ಒಂದು ಮಾತು ಹೇಳಿ: "ಎಲ್ಲರಿಗೂ ಸಮಪಾಲು" ಅಂತ ಕೂಗುವಾಗ, ಮನಸ್ಸಿನಲ್ಲಿ ನಾವು ಎಣಿಸುತ್ತಿರುವುದು ನಮ್ಮೊಬ್ಬರ ಪಾಲನ್ನೇ ಅಲ್ಲವೇ?