ವಾಪಸ್ ಬಂದ ಪಾರ್ಸೆಲ್ ಬಿಚ್ಚುವ ವರ್ನಾ

ಬೆಳಗಿನ ಆರೂವರೆ. ಡೆವನ್‌ಪೋರ್ಟ್ ಬಂದರಿಗೆ ಹಡಗು ಬಂದು ನಿಂತಾಗಿದೆ. ಹತ್ತಿರದ ಗೋದಾಮಿನಲ್ಲಿ ವರ್ನಾ ಟ್ಯಾಟ್ನೆಲ್ ಪಾರ್ಸೆಲೊಂದನ್ನು ತಕ್ಕಡಿಯ ಮೇಲಿಡುತ್ತಾರೆ, ತೂಕ ಬರೆದುಕೊಳ್ಳುತ್ತಾರೆ, ವಿಡಿಯೊ ಚಾಲೂ ಇದೆಯೇ ಎಂದು ನೋಡಿ ಬ್ಲೇಡು ಹಾಕುತ್ತಾರೆ. ಒಳಗೊಂದು ಫೋನು, ಜೊತೆಗೆ ‘ಸ್ಕ್ರೀನ್ ತಾನಾಗಿಯೇ ಒಡೆಯಿತು’ ಎಂಬ ಚೀಟಿ. ಫೋನಿನ ಮೂಲೆಗೆ ಡಾಂಬರು ಮೆತ್ತಿಕೊಂಡಿದೆ.

“ತಾನಾಗೇ ಒಡೀತಂತೆ! ರಸ್ತೆನೇ ಎದ್ದು ಬಂದು ಗುದ್ದಿರಬೇಕು,” ಎನ್ನುತ್ತಾರೆ, ನಗದೆ.

ಹಳೆಯ ಫೋನು, ಲ್ಯಾಪ್‌ಟಾಪುಗಳನ್ನು ಆನ್‌ಲೈನಿನಲ್ಲಿ ಮಾರುವ ಈ ಗೋದಾಮಿಗೆ ದಿನಕ್ಕೆ ಹತ್ತು ಹನ್ನೆರಡು ಸಾಮಾನುಗಳು ವಾಪಸ್ ಬರುತ್ತವೆ. ಅರ್ಧಕ್ಕರ್ಧ ನಿಜವಾದ ದೂರುಗಳು. ಉಳಿದವರಲ್ಲಿ ಮನಸ್ಸು ಬದಲಾಯಿಸಿದವರಿದ್ದಾರೆ, ಬೀಳಿಸಿ ಒಡೆದವರಿದ್ದಾರೆ, ತಮ್ಮ ಕೆಟ್ಟ ಫೋನನ್ನೇ ಡಬ್ಬಿಗೆ ತುಂಬಿ ಕಳಿಸಿದವರೂ ಇದ್ದಾರೆ. ಯಾರು ಯಾವ ಗುಂಪು ಎಂದು ಗುರುತಿಸಿ, ಮಾರಾಟದ ಜಾಲತಾಣಕ್ಕೆ ಉತ್ತರ ಬರೆಯುವುದು ವರ್ನಾ ಅವರ ಕೆಲಸ. ವಯಸ್ಸು ಐವತ್ತೊಂಬತ್ತು. ಮೊದಲು ತರಕಾರಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬಟಾಣಿ ಆರಿಸುತ್ತಿದ್ದರು. ಭುಜ ಸೋತ ಮೇಲೆ ಇಲ್ಲಿಗೆ ಬಂದರು. “ಅಲ್ಲೂ ಕೆಟ್ಟದ್ದನ್ನ ತೆಗೀತಿದ್ದೆ. ಆದ್ರೆ ಬಟಾಣಿ ಸುಳ್ಳು ಹೇಳ್ತಿರಲಿಲ್ಲ.”

ಹೋದ ಚಳಿಗಾಲದಲ್ಲಿ ಮಿಲ್ಡುರಾ ಊರಿನಿಂದ ಒಂದು ಲ್ಯಾಪ್‌ಟಾಪ್ ವಾಪಸ್ ಬಂತು. ಕೊಂಡವರು ಅನಾ ಫಲೆಟಾವು, ಶಾಲಾ ಬಸ್ ಓಡಿಸುತ್ತ ನರ್ಸಿಂಗ್ ಓದುತ್ತಿರುವ ಟೊಂಗಾ ದ್ವೀಪದ ಹೆಂಗಸು. ಹತ್ತು ನಿಮಿಷಕ್ಕೆ ಆರಿಹೋಗುತ್ತದೆ ಎಂಬುದು ಅವರ ದೂರು. ವರ್ನಾ ಸೀರಿಯಲ್ ನಂಬರ್ ನೋಡಿದರು. ಕಳಿಸಿದ್ದೆಂದು ಗೋದಾಮಿನ ಪುಸ್ತಕದಲ್ಲಿ ಬರೆದಿದ್ದ ನಂಬರೇ ಬೇರೆ, ಬಂದದ್ದರ ನಂಬರೇ ಬೇರೆ. ‘ನೀವು ವಾಪಸ್ ಕಳಿಸಿದ್ದು ನಮ್ಮ ಲ್ಯಾಪ್‌ಟಾಪ್ ಅಲ್ಲ’ ಎಂದು ಬರೆದರು. ಜಾಲತಾಣ ಅನಾ ಹೆಸರಿನ ಮುಂದೆ ‘ವಸ್ತು ಬದಲಿಸಿದವರು’ ಎಂದು ಗುರುತು ಹಾಕಿತು.

ಎರಡು ದಿನ ಬಿಟ್ಟು ಕಪಾಟು ಒರೆಸುವಾಗ ಅದೇ ಮಾದರಿಯ ಇನ್ನೊಂದು ಲ್ಯಾಪ್‌ಟಾಪ್ ಕೈಗೆ ಬಂತು. ಮಗುಚಿ ನೋಡಿದರೆ, ಅನಾಗೆ ಕಳಿಸಿದ್ದೆಂದು ಬರೆದಿದ್ದ ನಂಬರ್! ಅನಾಗೆ ಪಾರ್ಸೆಲ್ ಕಟ್ಟಿದ ದಿನದ ವಿಡಿಯೊವನ್ನು ವರ್ನಾ ತೆಗೆದು ನೋಡಿದರು. ಒಂದೇ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್. ಅವುಗಳ ನಂಬರ್ ಚೀಟಿ ಅದಲುಬದಲು ಮಾಡಿ ಅಂಟಿಸುತ್ತಿರುವ ಕೈ ತಮ್ಮದೇ.

ವಿಷಯ ಹೇಳಲು ಹೋದಾಗ ಮಾಲೀಕ ಲಿಂಡ್ಸೆ ಮಾಂಸದ ಪೈ ತಿನ್ನುತ್ತಿದ್ದ. ಆ ತಿಂಗಳು ಅಂಗಡಿ ಎರಡು ದೂರುಗಳಲ್ಲಿ ಆಗಲೇ ಸೋತಿತ್ತು. ಮೂರನೆಯದನ್ನೂ ಸೋತರೆ ಜಾಲತಾಣ ಅಂಗಡಿಯನ್ನು ಮುಚ್ಚಿಸುತ್ತದೆ. ಏಳು ಜನರ ಕೆಲಸ ಹೋಗುತ್ತದೆ.

“ಸುಮ್ನಿರು ವರ್ನಾ. ಮುಗಿದ ಕೇಸು. ಪುಸ್ತಕದ ನಂಬರ್ ನಮ್ಮ ಕಡೆಗಿದೆ.”

“ಪುಸ್ತಕ ಬರೆದೋಳು ನಾನು, ಲಿಂಡ್ಸೆ. ತಪ್ಪು ಬರೆದಿದ್ದೀನಿ.”

“ಎಲ್ಲರನ್ನೂ ಬೀದಿಗೆ ಹಾಕ್ತೀಯಾ?”

“ನನ್ನನ್ನ ಮೊದಲು ಹಾಕು. ಆದ್ರೆ ಆಯಮ್ಮನ್ನ ಕಳ್ಳಿ ಮಾಡಿ ನಾನಿಲ್ಲಿ ಟೀ ಕುಡಿಯಲ್ಲ.”

ವರ್ನಾ ಜಾಲತಾಣಕ್ಕೆ ವಿಡಿಯೊ ಜೊತೆಗೆ ತಪ್ಪೊಪ್ಪಿಗೆ ಕಳಿಸಿ, ಅನಾಗೆ ಫೋನ್ ಮಾಡಿದರು.

“ಓಹೋ, ಕಳ್ಳಿ ಮನೆಗೇ ಫೋನಾ?” ಎಂದರು ಅನಾ.

“ಅಮ್ಮಾ, ತಪ್ಪು ನನ್ನದು. ನಿಮ್ಮ ಲ್ಯಾಪ್‌ಟಾಪ್ ಇಲ್ಲೇ ಇದೆ. ಇವತ್ತೇ ಕಳಿಸ್ತೀನಿ.”

“ಅದು ಆಮೇಲೆ. ನನ್ನ ಹೆಸರಿನ ಮುಂದೆ ಬರೆಸಿದ್ದೀರಲ್ಲ, ಅದನ್ನ ಮೊದಲು ಅಳಿಸಿ. ಚರ್ಚಿನಲ್ಲಿ ನನ್ನ ನಾದಿನಿಗೂ ಗೊತ್ತಾಗಿದೆ. ನಿಮಗೆ ನನ್ನ ನಾದಿನಿ ಗೊತ್ತಿಲ್ಲ!”

ಜಾಲತಾಣ ಅಂಗಡಿಯನ್ನು ಹನ್ನೊಂದು ದಿನ ಮುಚ್ಚಿಸಿತು. ಏಳೂ ಜನ ಸಂಬಳವಿಲ್ಲದೆ ಮನೆಯಲ್ಲಿ ಕುಳಿತರು. ಗುರುತು ಅಳಿಸಲು ವರ್ನಾ ಜಾಲತಾಣಕ್ಕೆ ನಾಲ್ಕು ಸಲ ಬರೆಯಬೇಕಾಯಿತು. ಮತ್ತೆ ಬಾಗಿಲು ತೆರೆದ ದಿನ ಇಬ್ಬರು ಸಹೋದ್ಯೋಗಿಗಳು ಅವರೊಂದಿಗೆ ಮಾತಾಡಲಿಲ್ಲ. ಒಬ್ಬಾಕೆ ಈಗಲೂ ಮಾತಾಡುವುದಿಲ್ಲ. ಲಿಂಡ್ಸೆ ಮಾತ್ರ ಒಂದು ವಾರದ ಮೇಲೆ ಮೇಜಿನ ಬಳಿ ಬಂದು, “ಇನ್ಮೇಲೆ ಚೀಟಿ ಒಬ್ಬರು ಅಂಟಿಸಲಿ, ನಂಬರ್ ಇನ್ನೊಬ್ಬರು ಓದಲಿ,” ಎಂದು ಹೇಳಿ ಹೋದ. ಈಗ ಅದೇ ಪದ್ಧತಿ.

ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿವೆ. ಆಸೆ ಏನೆಂದು ಕೇಳಿದರೆ ವರ್ನಾ ಕನ್ನಡಕ ಒರೆಸಿಕೊಳ್ಳುತ್ತಾರೆ.

“ಎದುರಿನವರು ಸುಳ್ಳು ಹೇಳ್ತಿದ್ದಾರೆ ಅಂದ್ಕೊಂಡು ಡಬ್ಬಿ ಬಿಚ್ಚೋ ಚಟ ಹೋಗಬೇಕು. ಇನ್ನೂ ಪೂರ್ತಿ ಹೋಗಿಲ್ಲ.” ಕನ್ನಡಕ ಏರಿಸಿಕೊಂಡು ಮುಂದುವರಿಸುತ್ತಾರೆ: “ಈ ವರ್ಷ ಮೂವತ್ತೆಂಟು ಜನಕ್ಕೆ ‘ತಪ್ಪು ನಮ್ಮದು’ ಅಂತ ಬರೆದೆ. ಬರೆಯೋಕೆ ಯಾರೂ ಹೇಳಿರಲಿಲ್ಲ.”